ತಲೆಗಳ ಅಕ್ಕ ಮತ್ತು ಖಮೈಸನ ಚಹಾ

ಸ್ಫಾಕ್ಸ್ ಊರಿನ ಗಂಡಸರಿಗೆ ಮೊಪೆಡ್ ಬೇಕು, ಹೆಲ್ಮೆಟ್ ಬೇಡ. ಹಾಕಿಕೊಂಡರೆ ಕೂದಲು ಕೆಡುತ್ತದಂತೆ. ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಕಿವಿ ಕೇಳಿಸುವುದಿಲ್ಲ, ನಡುವೆ ಇನ್ನೊಂದು ನೆಪ. ಹೀಗಾಗಿ ಜಲೀಲಾಗೆ ವರ್ಷವಿಡೀ ಕೆಲಸಕ್ಕೆ ಬರವಿಲ್ಲ.

ಆಸ್ಪತ್ರೆಯ ಕಾಗದದಲ್ಲಿ ಅವಳ ಹುದ್ದೆಗೆ ಒಂದೂವರೆ ಸಾಲಿನ ಹೆಸರಿದೆ. ಅಷ್ಟುದ್ದ ಹೇಳುವ ವ್ಯವಧಾನ ಯಾರಿಗೂ ಇಲ್ಲದೆ ಜನ ಅವಳನ್ನು ‘ತಲೆಗಳ ಅಕ್ಕ’ ಎಂದು ಕರೆದುಬಿಟ್ಟರು. ಹೊಸಬರು ಬಂದು ವಿಚಾರಿಸಿದರೆ ಗೇಟಿನ ಕಾವಲುಗಾರ, “ತಲೆಗಳ ಅಕ್ಕನಾ? ಕೊನೇ ರೂಮು. ಬಾಗಿಲಲ್ಲಿ ಕೆಂಪು ಹೆಲ್ಮೆಟ್ ನೇತಾಡ್ತಿದ್ರೆ ಒಳಗಿದಾಳೆ, ಇಲ್ಲದಿದ್ರೆ ಊರು ಸುತ್ತೋಕೆ ಹೋಗಿದಾಳೆ” ಎನ್ನುತ್ತಿದ್ದ. ಅವಳೂ ಮೊಪೆಡ್ಡಿನವಳೇ. ಐವತ್ತೆರಡರ ಹೆಂಗಸು ಹೆಲ್ಮೆಟ್ ಏರಿಸಿ ಬುರ್ರೆಂದು ಹೋಗುವುದನ್ನು ಕಂಡು ಕಾಫಿ ಅಂಗಡಿಯ ಮುಂದೆ ಕೂತವರು ನಗುತ್ತಿದ್ದರು. “ನಗ್ರೋ ನಗ್ರೋ, ನಿಮ್ಮ ಹೆಸರಿಗೂ ನನ್ನ ಪುಸ್ತಕದಲ್ಲಿ ಜಾಗ ಇಟ್ಟಿದೀನಿ” ಎಂದು ಅವಳು ಗಾಡಿ ನಿಲ್ಲಿಸದೆಯೇ ಕೂಗುತ್ತಿದ್ದಳು.

ತಲೆಗೆ ಪೆಟ್ಟು ಬಿದ್ದವರ ಜೀವ ಉಳಿಸುವುದು ಸರ್ಜನ್ನರ ಕೆಲಸ. ಉಳಿದ ಜೀವ ಮನೆ ಸೇರಿದ ಮೇಲೆ ಅದನ್ನು ಮತ್ತೆ ಬದುಕಿಗೆ ಹಚ್ಚುವುದು ಜಲೀಲಾಳ ಕೆಲಸ. ಕಾಲು ಆಡಿಸಲು ಯಾರು, ಮಾತು ಕಲಿಸಲು ಯಾರು, ಅಂಗಿ ಗುಂಡಿ ಹಾಕಿಕೊಳ್ಳುವುದನ್ನು ಹೇಳಿಕೊಡಲು ಯಾರು, ಯಾವ ದಿನ, ಯಾವ ವ್ಯಾನಿನಲ್ಲಿ, ಯಾರ ಸಹಿಯೊಂದಿಗೆ ಎನ್ನುವುದನ್ನೆಲ್ಲ ಅವಳು ಹಸಿರು ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡು ಒಬ್ಬೊಬ್ಬರ ಬೆನ್ನು ಹತ್ತುತ್ತಿದ್ದಳು. ಡಾಕ್ಟರುಗಳು ಒಬ್ಬರಿಗೊಬ್ಬರು ಫೋನ್ ಮಾಡುವುದಿಲ್ಲ, ಎಲ್ಲರೂ ಜಲೀಲಾಗೆ ಮಾಡುತ್ತಾರೆ. ಎಲ್ಲರ ಬೈಗುಳವೂ ಅವಳ ಪಾಲಿಗೇ.

ಈ ಕೆಲಸಕ್ಕೆ ಅವಳು ಸುಮ್ಮನೆ ಬಂದವಳಲ್ಲ. ಅವಳಿಗೆ ಹದಿಮೂರು ವರ್ಷವಾಗಿದ್ದಾಗ ಅಪ್ಪ ಆಲಿವ್ ಕೊಯ್ಲಿನಲ್ಲಿ ಏಣಿಯಿಂದ ಬಿದ್ದಿದ್ದ. ನೆತ್ತಿಯ ಗಾಯ ಹದಿನೈದು ದಿನದಲ್ಲಿ ಮಾಯಿತು. ಆಮೇಲೆ ಮನೆಯಲ್ಲಿ ಹನ್ನೊಂದು ವರ್ಷ ಬದುಕಿದವನು ಬೇರೆಯೇ ಮನುಷ್ಯ. ನಗುನಗುತ್ತಾ ಇದ್ದವನು ಚಮಚ ಬಿದ್ದ ಸದ್ದಿಗೆ ತಟ್ಟೆ ಎಸೆಯುತ್ತಿದ್ದ, ಆಮೇಲೆ ಮೂಲೆಯಲ್ಲಿ ಕೂತು ಅಳುತ್ತಿದ್ದ. ಅದೆಲ್ಲ ಆ ಏಟಿನಿಂದಲೇ ಎಂದು ಅವರಿಗೆ ಒಬ್ಬರೂ ಹೇಳಲಿಲ್ಲ. ಮನೆಯವರಾದರೂ ಯಾರನ್ನು ಕೇಳಿದ್ದರು? ಬಂದವರು ಹೇಗಿದ್ದಾನೆ ಎಂದರೆ ಅಮ್ಮ, “ಹಮ್ದುಲಿಲ್ಲಾ, ದೇವರ ದಯೆ, ಚೆನ್ನಾಗಿದಾರೆ” ಎಂದು ಬಾದಾಮಿ ತಟ್ಟೆ ಮುಂದಿಡುತ್ತಿದ್ದಳು. ಅಪ್ಪನ ಮೇಲೆ ತಾನು ಮಾಡಿಕೊಂಡಿದ್ದ ಸಿಟ್ಟನ್ನು ಜಲೀಲಾ ಇವತ್ತಿಗೂ ಮರೆತಿಲ್ಲ.

ಆ ವರ್ಷ ಅಕ್ಟೋಬರಿನ ಮೊದಲ ವಾರ ಸಮಿತಿಯಿಂದ ಒಂದು ಕಾಗದ ಬಂತು. ಊರಾಚೆಯ ಪುನಶ್ಚೇತನ ಕೇಂದ್ರದಲ್ಲಿ ಒಂದು ಸಲಕ್ಕೆ ಸೇರಿಸಿಕೊಳ್ಳುವುದು ಹನ್ನೆರಡೇ ಜನರನ್ನು. ಯಾರಿಗೆ ಜಾಗ ಎಂದು ತೀರ್ಮಾನಿಸುವವರು ಸಮಿತಿಯ ಡಾಕ್ಟರು. ಖಮೈಸ್ ಎಂಬವನಿಗಾಗಿ ಹನ್ನೆರಡನೆಯ ಜಾಗಕ್ಕೆ ಜಲೀಲಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಕಾಗದದಲ್ಲಿ ಎರಡೇ ಸಾಲು ಇತ್ತು. ‘ರೋಗಿ ಸ್ವತಂತ್ರವಾಗಿ ಬದುಕಬಲ್ಲ, ಸ್ವತಃ ಚಹಾ ಮಾಡಿಕೊಳ್ಳುತ್ತಾನೆ. ತರಬೇತಿಯ ಅಗತ್ಯವಿಲ್ಲ.’

ಜಲೀಲಾ ಅದನ್ನು ಮೂರು ಸಲ ಓದಿದಳು. ಖಮೈಸನಿಗೆ ಮೂವತ್ತೊಂದು ವರ್ಷ, ಹಳೇ ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಕೆಲಸ. ಮೇ ತಿಂಗಳಲ್ಲಿ ಮೊಪೆಡ್ಡಿನಿಂದ ಬಿದ್ದ. ಬರಿತಲೆ, ಹೇಳಬೇಕೇ. ಆಪರೇಷನ್ ಆಯಿತು, ಎದ್ದು ನಡೆದ, ಮಾತಾಡಿದ, ಎಲ್ಲರೂ ಸಂತೋಷಪಟ್ಟರು. ಆಗಸ್ಟಿನಲ್ಲಿ ಅಂಗಡಿಗೆ ಮರಳಿದ. ಎರಡು ವಾರ ತಲೆ ಎತ್ತದೆ ಅಟ್ಟೆ ಕತ್ತರಿಸಿದ. ಮಾಲೀಕ ರಾಶಿ ಬಿಚ್ಚಿ ನೋಡಿದರೆ ನಲವತ್ತು ಅಟ್ಟೆಗಳಿದ್ದವು, ನಲವತ್ತೂ ಎಡಗಾಲಿನವು. ಈಗ ಕಲಿಸಿದರೆ ಅವನಿಗೆ ಮತ್ತೆ ಬಲಗಾಲೂ ಬರುತ್ತದೆ, ಅಂಗಡಿಯೂ ದಕ್ಕುತ್ತದೆ. ಮುಂದಿನ ಸರದಿ ಬರುವುದು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಬರಬೇಕಾದದ್ದರಲ್ಲಿ ಅರ್ಧ ಬರದೇ ಹೋಗುತ್ತದೆ ಎಂಬುದು ಜಲೀಲಾಗೆ ಗೊತ್ತು.

ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನ ಇತ್ತು. ಅವಳು ಹೆಲ್ಮೆಟ್ ಏರಿಸಿ ಹೊರಟಳು. ತನಿಯೂರ್ ರಸ್ತೆ, ಏಳನೇ ಕಿಲೋಮೀಟರು. ಆ ಊರಿನಲ್ಲಿ ವಿಳಾಸ ಎಂದರೆ ಅಷ್ಟೇ, ಕೋಟೆಬಾಗಿಲಿನಿಂದ ಯಾವ ರಸ್ತೆ, ಎಷ್ಟನೇ ಕಿಲೋಮೀಟರು.

ಖಮೈಸನ ತಾಯಿ ಶಾದ್ಲಿಯಾ ಬಾಗಿಲಲ್ಲೇ ಅವಳನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ಅರವತ್ತೈದರ ವಿಧವೆ, ಕುಳ್ಳು, ಮಾತಿಗೆ ನಿಂತರೆ ಮಾರುಕಟ್ಟೆಯ ಮೀನಿನವರೂ ಸೋಲಬೇಕು. ಎಪ್ರನ್ನಿಗೆ ಕೈ ಒರೆಸಿಕೊಂಡು ಒಂದು ತಟ್ಟೆ ತಂದಿಟ್ಟಳು. ಬಾದಾಮಿ ತುಂಬಿದ ಹಬ್ಬದ ಸಿಹಿ, ಬಕ್ಲಾವಾ!

“ತಿನ್ನು ಮಗಳೇ, ತಿನ್ನು. ಬೀದಿಗೆಲ್ಲ ಹಂಚಿದೀನಿ. ನನ್ನ ಮಗ ಪಾಸಾದ!”

“ಏನು ಪಾಸಾದ, ಚಿಕ್ಕಮ್ಮ?”

“ಸಮಿತೀಲಿ! ಕಾಗದ ನಮಗೂ ಬಂತಲ್ಲ. ಸ್ವತಂತ್ರವಾಗಿ ಬದುಕಬಲ್ಲ ಅಂತ ಡಾಕ್ಟರೇ ಬರೆದಿದಾರೆ. ಇನ್ನು ಈ ಬೀದಿಯವರು ನನ್ನ ಮಗನ್ನ ಹುಚ್ಚ ಅನ್ಲಿ ನೋಡೋಣ, ಕಾಗದ ತಂದು ಮೂತಿಗೆ ಹಿಡೀತೀನಿ.”

ಜಲೀಲಾ ಬಕ್ಲಾವಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಒಂದೊಂದಾಗಿ ಕೇಳಿದಳು. ಶಾದ್ಲಿಯಾ ಹೆಮ್ಮೆಯಿಂದ ಒಂದೊಂದಾಗಿ ಹೇಳಿದಳು. ಸಮಿತಿಯ ಮುಂದೆ ಹೋಗುವ ಹಿಂದಿನ ದಿನ ಕ್ಷೌರಿಕನನ್ನು ಮನೆಗೇ ಕರೆಸಿದ್ದಾಯಿತು. ಹಬ್ಬದ ಜುಬ್ಬಾ ಇಸ್ತ್ರಿ ಮಾಡಿ ತೊಡಿಸಿದ್ದಾಯಿತು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಶಾಲೆ ಹುಡುಗನಿಗೆ ಮಗ್ಗಿ ಹೇಳಿಸಿದಂತೆ ಇವತ್ತು ಯಾವ ವಾರ, ಯಾವ ತಿಂಗಳು, ಮನೆ ಎಷ್ಟನೇ ಕಿಲೋಮೀಟರು ಎಂದು ಬಾಯಿಪಾಠ ಮಾಡಿಸಿದ್ದಾಯಿತು. ಡಾಕ್ಟರೂ ಅದನ್ನೇ ಕೇಳಿದರು. ಖಮೈಸ್ ಇಪ್ಪತ್ತು ನಿಮಿಷ ನೆಟ್ಟಗೆ ಕೂತು, ನಗುತ್ತಾ, ಪಟಪಟ ಉತ್ತರ ಕೊಟ್ಟ. ಮನೆಗೆ ಬಂದವನು ಮಾರನೇ ದಿನ ಮಧ್ಯಾಹ್ನದವರೆಗೆ ಎದ್ದಿರಲಿಲ್ಲ.

“ಮನೇಲಿ ಏನು ಕೆಲಸ ಮಾಡ್ತಾನೆ ಅಂದ್ರು. ಏನಂದುಕೊಂಡಿದೀರಿ ಡಾಕ್ಟರೇ, ನನಗಿಂತ ಚೆನ್ನಾಗಿ ಚಹಾ ಮಾಡ್ತಾನೆ ಅಂದೆ” ಎಂದು ಶಾದ್ಲಿಯಾ ಮುಗಿಸಿದಳು.

ತಪ್ಪು ಯಾರದ್ದು? ಜಲೀಲಾ ತನ್ನನ್ನೇ ಬೈದುಕೊಂಡಳು. ಸಮಿತಿಯ ದಿನ ಅವಳು ಇನ್ನೊಬ್ಬ ರೋಗಿಯ ಹಿಂದೆ ಓಡಿದ್ದಳು. ಶಾದ್ಲಿಯಾಗೆ ಫೋನಿನಲ್ಲಿ ಒಂಬತ್ತಕ್ಕೆ ಸರಿಯಾಗಿ ಹೋಗಿ ಎಂದದ್ದು ಬಿಟ್ಟರೆ ಬೇರೇನೂ ಹೇಳಿರಲಿಲ್ಲ. ಪರರ ಮುಂದೆ ಮನೆಯ ಕುಂದು ಬಿಚ್ಚಿಡುವುದು ಈ ಊರಿನಲ್ಲಿ ಬಟ್ಟೆ ಬಿಚ್ಚಿದ ಹಾಗೆ. ತನ್ನ ಅಮ್ಮ ಹನ್ನೊಂದು ವರ್ಷ ಮಾಡಿದ್ದನ್ನೇ ಈ ಅಮ್ಮನೂ ಮಾಡಿದ್ದಳು. ಗೊತ್ತಿದ್ದೂ ಮರೆತೆನಲ್ಲ ಎಂದು ಜಲೀಲಾಗೆ ನಾಚಿಕೆಯಾಯಿತು.

ಅವಳು ಬಿಡಿಸಿ ಹೇಳಿದಳು. ಇದು ಪರೀಕ್ಷೆಯಲ್ಲ, ಇದರಲ್ಲಿ ಚೆನ್ನಾಗಿ ಉತ್ತರ ಕೊಟ್ಟವನಿಗೆ ಜಾಗ ತಪ್ಪುತ್ತದೆ. ಹೇಳುತ್ತಾ ಹೋದಂತೆ ಶಾದ್ಲಿಯಾಳ ಮುಖ ಗಂಟಿಕ್ಕಿತು.

“ಅಂದ್ರೆ ನಾನು ಹೋಗಿ ಸರ್ಕಾರದ ಮುಂದೆ ನನ್ನ ಮಗನಿಗೆ ತಲೆ ಕೆಟ್ಟಿದೆ ಅನ್ಬೇಕಾ?”

“ತಲೆ ಕೆಟ್ಟಿಲ್ಲ ಚಿಕ್ಕಮ್ಮ, ಪೆಟ್ಟು ಬಿದ್ದಿದೆ. ಕಷ್ಟ ಇದೆ ಅಂತ ಹೇಳಿದ್ರೆ ಸಾಕು.”

“ಏನು ಕಷ್ಟ? ಸ್ವಲ್ಪ ಮರೀತಾನೆ. ಸ್ವಲ್ಪ ರೇಗ್ತಾನೆ. ಗಂಡಸಲ್ವಾ? ನಾಳೆ ಅವನಿಗೆ ಹೆಣ್ಣು ಕೊಡೋವ್ರು ಯಾರು? ನೀನು ಬಂದು ಕೊಡ್ತೀಯಾ?”

“ನನಗೆ ಹೆಣ್ಣುಮಕ್ಕಳಿಲ್ಲ, ಇದ್ದಿದ್ರೆ ಕೊಡ್ತಿದ್ದೆ.”

ಶಾದ್ಲಿಯಾ ನಗಲಿಲ್ಲ. ಒಳಗಿನಿಂದ ಖಮೈಸ್ ಬಂದು ಜಲೀಲಾಗೆ ನಮಸ್ಕಾರ ಹೇಳಿ, ಅಲ್ಲಿದ್ದ ಹರಿಸ್ಸಾ ಡಬ್ಬಿಯಿಂದ ಖಾರವನ್ನು ಚಮಚದಲ್ಲಿ ತೋಡಿ ಬರಿ ಬ್ರೆಡ್ಡಿಗೆ ದಪ್ಪಗೆ ಬಳಿದು ತಿನ್ನತೊಡಗಿದ. ನೋಡಿದವರ ಕಣ್ಣಲ್ಲಿ ನೀರು ಬರಬೇಕು, ಅವನಿಗೆ ಬರಲಿಲ್ಲ. ಇವನಿಗೆ ಮೂಗು ಹೋಗಿದೆ, ರುಚಿಯೂ ಅದರ ಜೊತೆಗೆ ಹೋಗಿದೆ ಎಂದು ಜಲೀಲಾಗೆ ಆ ಕ್ಷಣ ಹೊಳೆಯಿತು. ಇಂಥವರನ್ನು ಅವಳು ಎಷ್ಟೋ ಕಂಡಿದ್ದಳು. ಅವರಿಗೆ ಖಾರದ ಉರಿಯೊಂದೇ ತಿಳಿಯುತ್ತದೆ.

“ಚಿಕ್ಕಮ್ಮ, ಒಂದು ಮಾತು. ಆ ಡಾಕ್ಟರನ್ನ ನಿಮ್ಮ ಮನೆಗೆ ಕರ್ಕೊಂಡು ಬರ್ತೀನಿ. ಖಮೈಸ್ ಮಾಡಿದ ಚಹಾ ಕುಡೀಲಿ. ನೀವೇನೂ ಹೇಳೋದೇ ಬೇಡ.”

ಮನೆಗೆ ಬರುವ ಅತಿಥಿಯನ್ನು ಬೇಡ ಎನ್ನುವುದು ಶಾದ್ಲಿಯಾಳಿಂದ ಆಗುವ ಕೆಲಸವಾಗಿರಲಿಲ್ಲ. “ಬರ್ಲಿ. ಚಹಾ ತಾನೆ? ಚೆನ್ನಾಗೇ ಮಾಡ್ತಾನೆ” ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಮನಸಾರೆ ಹಾಗೆಂದೇ ನಂಬಿದ್ದಳು.

ಇನ್ನು ಡಾಕ್ಟರನ್ನು ಒಪ್ಪಿಸಬೇಕಿತ್ತು. ಡಾಕ್ಟರ್ ಕಮ್ಮೂನ್ ನಿವೃತ್ತಿಗೆ ಹತ್ತಿರವಾದವರು, ತಾವು ಬರೆದದ್ದನ್ನು ಯಾರಾದರೂ ಎರಡನೇ ಸಲ ಓದಿದರೂ ಸಿಡುಕುವ ಸ್ವಭಾವ.

“ನಾನು ಮನೆ ಮನೆಗೆ ಹೋಗಿ ಚಹಾ ಕುಡಿಯೋಕೆ ಕೂತಿದೀನಾ, ಜಲೀಲಾ?”

“ಚಹಾ ಮಾಡ್ತಾನೆ ಅಂತ ಬರೆದೋರು ನೀವೇ ಅಲ್ವಾ ಡಾಕ್ಟರೇ? ಕುಡಿದು ನೋಡಿ. ಚೆನ್ನಾಗಿದ್ರೆ ಇನ್ಮೇಲೆ ನಿಮ್ಮ ರೂಮಿನ ಕಡೆ ತಲೆ ಹಾಕಲ್ಲ.”

“ಅಷ್ಟು ದೊಡ್ಡ ಲಾಭ ಇದ್ರೆ ಬರ್ತೀನಿ” ಎಂದರು ಅವರು, ಕನ್ನಡಕ ತೆಗೆದು ಒರೆಸುತ್ತಾ.

ಹದಿಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಹೋದರು. ಶಾದ್ಲಿಯಾ ಹಾಸಿದ್ದ ಕಂಬಳಿ, ಜೋಡಿಸಿದ್ದ ದಾಳಿಂಬೆ, ಬಾದಾಮಿ, ಎರಡು ಬಗೆಯ ಕೇಕು ನೋಡಿದರೆ ಮದುವೆ ಮಾತುಕತೆಗೆ ಬಂದಂತಿತ್ತು. ಖಮೈಸ್ ಗಡ್ಡ ಬೋಳಿಸಿ, ಅದೇ ಜುಬ್ಬಾ ತೊಟ್ಟು ಕೂತಿದ್ದ. ಡಾಕ್ಟರು ವಾರ ಕೇಳಿದರು, ಹೇಳಿದ. ತಿಂಗಳು ಕೇಳಿದರು, ಅದನ್ನೂ ಹೇಳಿದ. ಡಾಕ್ಟರು ಜಲೀಲಾಳ ಕಡೆ ತಿರುಗಿ ಹುಬ್ಬು ಹಾರಿಸಿದರು. ಇನ್ನೆರಡು ದಿನದಲ್ಲಿ ಆ ಜಾಗ ಬೇರೊಬ್ಬನ ಹೆಸರಿಗೆ ಹೋಗುತ್ತದೆ ಎಂದು ಜಲೀಲಾ ಹೆದರಿದಳು.

“ಸರಿಯಪ್ಪ, ಚಹಾ ಕುಡಿಸ್ತೀಯಾ?” ಎಂದರು ಡಾಕ್ಟರು.

ಖಮೈಸ್ ಎದ್ದು ಅಡುಗೆಮನೆಗೆ ಹೋದ. ಕೂತಲ್ಲಿಂದ ಒಲೆ ಕಾಣುತ್ತಿತ್ತು. ಶಾದ್ಲಿಯಾ ಡಾಕ್ಟರಿಗೆ ಮಗನ ಶಾಲೆಯ ದಿನಗಳ ಕಥೆ ಶುರುಮಾಡಿದಳು.

“ಒಂಬತ್ತನೇ ವಯಸ್ಸಿಗೇ ನನ್ನ ಚಪ್ಪಲಿ ಬಿಚ್ಚಿ ಮತ್ತೆ ಹೊಲಿದಿದ್ದ ಡಾಕ್ಟರೇ...” ಎನ್ನುತ್ತಲೇ ಎದ್ದಳು. ಒಳಗೆ ಖಮೈಸ್ ಗ್ಯಾಸ್ ತಿರುಗಿಸಿ, ಹಚ್ಚುವುದನ್ನು ಬಿಟ್ಟು, ಲೋಟ ತೊಳೆಯಲು ನಿಂತಿದ್ದ. ಶಾದ್ಲಿಯಾ ಹೋಗಿ ಗ್ಯಾಸ್ ನಿಲ್ಲಿಸಿದಳು, ಕಿಟಕಿ ತೆರೆದಳು, ಬಂದು ಕೂತಳು. “...ಅವರಪ್ಪ ನೋಡಿ, ಇವನು ನನ್ನನ್ನೂ ಮೀರಿಸ್ತಾನೆ ಅಂದ್ರು” ಎಂದು ಬಿಟ್ಟಲ್ಲಿಂದಲೇ ಮುಂದುವರಿಸಿದಳು. ಗಾಳಿಯಾಡಿದ ಮೇಲೆ ಮತ್ತೆ ಎದ್ದು, ಎಪ್ರನ್ನಿನ ಜೇಬಿನಿಂದ ಲೈಟರ್ ತೆಗೆದು ಒಲೆ ಹಚ್ಚಿಕೊಟ್ಟು, ಲೈಟರನ್ನು ಮತ್ತೆ ಜೇಬಿಗಿಳಿಸಿ ಬಂದಳು. ಚಪ್ಪಲಿಯ ಕಥೆ ಮುಗಿದು ಸುನ್ನತಿಯ ದಿನದ ಕಥೆ ಶುರುವಾಯಿತು. ಖಮೈಸ್ ಪಾತ್ರೆಗೆ ಸಕ್ಕರೆ ಹಾಕಿದ. ಇನ್ನೊಮ್ಮೆ ಹಾಕಿದ. ಮೂರನೇ ಸಲ ಕೈ ಚಾಚುವಷ್ಟರಲ್ಲಿ ಶಾದ್ಲಿಯಾ ಹೋಗಿ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು. ಅವನು ಚಹಾ ಕುದಿಯಲು ಬಿಟ್ಟು ಹಿತ್ತಿಲಿಗೆ ಹೋದ. ಅವಳು ಹೋಗಿ ಉರಿ ಸಣ್ಣ ಮಾಡಿ, ಅವನ ತೋಳು ಹಿಡಿದು ಕರೆತಂದು ಒಲೆಯ ಮುಂದೆ ನಿಲ್ಲಿಸಿ ಬಂದಳು. ಬಾಯಿ ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ.

ಡಾಕ್ಟರು ಕಥೆ ಕೇಳುವುದನ್ನು ಯಾವಾಗಲೋ ಬಿಟ್ಟಿದ್ದರು. ಜಲೀಲಾ ತುಟಿ ಕಚ್ಚಿಕೊಂಡು ಕೂತಿದ್ದಳು.

“ಅಮ್ಮಾ, ದಿನಕ್ಕೆ ಎಷ್ಟು ಸಲ ಹೀಗೆ ಎದ್ದು ಹೋಗ್ತೀರಿ?” ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

“ಎದ್ದು ಹೋದ್ನಾ? ಎಲ್ಲಿಗೆ? ನಾನಿಲ್ಲೇ ಕೂತಿದೀನಲ್ಲ.”

“ನಾಲ್ಕು ಸಲ ಎದ್ರಿ.”

ಶಾದ್ಲಿಯಾ ಜಲೀಲಾಳ ಮುಖ ನೋಡಿದಳು. ಜಲೀಲಾ ಹೌದೆಂದು ತಲೆಯಾಡಿಸಿದಳು.

“ಆ ಲೈಟರ್ ಯಾಕಮ್ಮಾ ನಿಮ್ಮ ಜೇಬಲ್ಲಿ?”

ಶಾದ್ಲಿಯಾ ಜೇಬಿಗೆ ಕೈ ಹಾಕಿ ಲೈಟರ್ ತೆಗೆದು, ಯಾರೋ ಅಲ್ಲಿಟ್ಟು ಹೋದ ವಸ್ತುವನ್ನು ನೋಡಿದಂತೆ ನೋಡಿದಳು. ಐದು ತಿಂಗಳಲ್ಲಿ ಬಂದವರೆಲ್ಲರೂ ಖಮೈಸ್ ಹೇಗಿದ್ದಾನೆ ಎಂದೇ ಕೇಳಿದ್ದರು. ಜಲೀಲಾ ಕೂಡ ಅಷ್ಟೇ ಕೇಳಿದ್ದಳು. ಮುದುಕಿ ಲೈಟರನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಮಲಗುವಾಗ್ಲೂ ಕೈಯಲ್ಲೇ ಹಿಡ್ಕೊಂಡಿರ್ತೀನಿ ಡಾಕ್ಟರೇ. ಸ್ನಾನಕ್ಕೆ ಹೋದ್ರೂ ಬಾಗಿಲು ಹಾಕಲ್ಲ. ತಂಗಿ ಮಗಳ ಮದುವೆಗೂ ಹೋಗಿಲ್ಲ. ಕಣ್ಣು ಮುಚ್ಚಿದ್ರೆ ಗ್ಯಾಸ್ ಸದ್ದು ಕೇಳ್ಸುತ್ತೆ.” ಅವಳು ಎಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. “ನನಗೆ ಸಾಕಾಗಿಹೋಗಿದೆ. ದೇವರು ಕ್ಷಮಿಸ್ಲಿ, ನನಗೆ ಸಾಕಾಗಿಹೋಗಿದೆ.”

ಬಾಗಿಲಲ್ಲಿ ಖಮೈಸ್ ಚಹಾದ ತಟ್ಟೆ ಹಿಡಿದು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ರೇಗುತ್ತಾನೆ, ತಟ್ಟೆ ಎಸೆಯುತ್ತಾನೆ ಎಂದು ಜಲೀಲಾ ಅರ್ಧ ಎದ್ದಳು. ಅವಳ ಅಪ್ಪನಾಗಿದ್ದರೆ ಎಸೆಯುತ್ತಿದ್ದ. ಖಮೈಸ್ ತಟ್ಟೆಯನ್ನು ನೆಲದ ಮೇಲಿಟ್ಟು ತಾಯಿಯ ಪಕ್ಕ ಕೂತ.

“ಅಮ್ಮ, ನನಗೆ ಯಾವ ವಾಸನೇನೂ ಬರಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ್ಲೂ ಇಲ್ಲ. ನೀನು ಮಾಡಿದ ಮೀನು ಬಾಯಲ್ಲಿ ಮಣ್ಣಾಗುತ್ತೆ. ಹೇಳಿದ್ರೆ ನೀನು ನೊಂದ್ಕೋತೀಯ ಅಂತ ಸುಮ್ನಿದ್ದೆ.”

“ಅಯ್ಯೋ ನನ್ನ ಕಂದ! ಅದಕ್ಕೇನಾ ಅಷ್ಟು ಖಾರ ತಿಂತಿದ್ದೆ? ನಾನು ನನ್ನ ಸಾರಿಗೆ ಖಾರ ಸಾಲ್ದು ಅಂತ ಅಣಕಿಸ್ತಿದೀಯ ಅಂದ್ಕೊಂಡಿದ್ನಲ್ಲೋ!”

ಅಳುತ್ತಲೇ ಅವಳಿಗೆ ನಗು ಬಂತು. ಖಮೈಸನೂ ನಕ್ಕ. ಒಂದೇ ಮನೆಯಲ್ಲಿ ಇಬ್ಬರೂ ಐದು ತಿಂಗಳು ಒಬ್ಬರಿಗೊಬ್ಬರು ಚೆನ್ನಾಗಿದ್ದೇನೆ ಎಂದು ನಟಿಸಿದ್ದರು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿದಂತೆ ಜಲೀಲಾ ಉಸಿರು ಬಿಟ್ಟಳು. ಮೂವತ್ತೊಂಬತ್ತು ವರ್ಷದ ಹಿಂದೆ ತಮ್ಮ ಮನೆಗೂ ಒಬ್ಬರು ಬಂದು ಅಮ್ಮನನ್ನು ಹೀಗೆ ಕೇಳಬಾರದಿತ್ತೇ ಎನ್ನಿಸಿ ಅವಳ ಕಣ್ಣೂ ತುಂಬಿತು. ದುಃಖಕ್ಕಿಂತ ನಿರಾಳವೇ ಹೆಚ್ಚಾಗಿತ್ತು.

ಡಾಕ್ಟರ್ ಕಮ್ಮೂನ್ ಚಹಾ ಎತ್ತಿ ಒಂದು ಗುಟುಕು ಕುಡಿದು ಕಣ್ಣು ಕಿರಿದು ಮಾಡಿದರು. ಪಾನಕದಷ್ಟು ಸಿಹಿ. ಪೂರ್ತಿ ಕುಡಿದರು. ಆಮೇಲೆ ಚೀಲದಿಂದ ಕಡತ ತೆಗೆದು, ತಾವೇ ಬರೆದ ಎರಡು ಸಾಲಿನ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಬೇರೆ ಬರೆದು ಸಹಿ ಹಾಕಿದರು.

“ಸೋಮವಾರದಿಂದ ವ್ಯಾನ್ ಬರುತ್ತೆ ಖಮೈಸ್. ವಾರಕ್ಕೆ ಐದು ದಿನ. ಚಹಾ ಮಾಡೋದು ಅಲ್ಲೇ ಕಲಿಸ್ತಾರೆ, ಅಟ್ಟೆ ಕತ್ತರಿಸೋದೂ.”

“ಬಲಗಾಲಿನದ್ದಾ?” ಎಂದ ಖಮೈಸ್.

“ಬಲಗಾಲಿನದ್ದೇ ಮೊದ್ಲು” ಎಂದಳು ಜಲೀಲಾ.

ಹೊರಗೆ ಕಾರಿನ ಹತ್ತಿರ ಡಾಕ್ಟರು ನಿಂತು, “ನನ್ನ ರೂಮಿನ ಕಡೆ ಬರೋದನ್ನ ಬಿಡಬೇಡ ಕಣಮ್ಮ” ಎಂದರು. ಹಾಗೆ ಹೇಳಲು ಅವರಿಗೆ ಕಷ್ಟವಾಗಿತ್ತು. ಜಲೀಲಾ ಅದನ್ನು ಆಡಿಕೊಳ್ಳಲಿಲ್ಲ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಏಳನೇ ಕಿಲೋಮೀಟರಿನಲ್ಲಿ ವ್ಯಾನ್ ನಿಂತಿತು, ಖಮೈಸ್ ಹತ್ತಿದ ಎಂದು ಚಾಲಕನಿಂದ ಫೋನು ಬಂತು. ಜಲೀಲಾ ಹಸಿರು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನವರ ಹೆಸರಿಗೆ ಹೋದಳು. ಮಧ್ಯಾಹ್ನ ಎರಡರ ಹೊತ್ತಿಗೆ ಮತ್ತೆ ಫೋನು ಬಂತು. ಶಾದ್ಲಿಯಾಳ ನಂಬರು. ಏನಾಯಿತೋ ಎಂದು ಅವಳು ಗಾಬರಿಯಿಂದಲೇ ಎತ್ತಿಕೊಂಡಳು. ಬಾಯಿತುದಿಗೆ ಖಮೈಸನ ಹೆಸರು ಬಂದಿತ್ತು. ಅದನ್ನು ನುಂಗಿಕೊಂಡಳು.

“ಚಿಕ್ಕಮ್ಮ, ನೀವು ಹೇಗಿದೀರಿ?”

ಹಮ್ದುಲಿಲ್ಲಾ ಎನ್ನುವ ಮಾತು ಬರಲಿಲ್ಲ. ಆ ಕಡೆಯಿಂದ ಒಂದು ಉದ್ದನೆಯ ಆಕಳಿಕೆ ಕೇಳಿಸಿತು.

“ವ್ಯಾನ್ ಹೋದ ಮೇಲೆ ಸ್ವಲ್ಪ ಒರಗೋಣ ಅಂತ ಮಲಗಿದ್ದೆ ಮಗಳೇ. ಈಗ ಎಚ್ಚರ ಆಯ್ತು. ಒಲೆ ಹಚ್ಚೋಣ ಅಂತ ಆಗ್ಲಿಂದ ಹುಡುಕ್ತಿದೀನಿ. ಆ ಹಾಳು ಲೈಟರ್ ಎಲ್ಲಿಟ್ಟೆನೋ, ಒಂಚೂರೂ ನೆನಪಾಗ್ತಿಲ್ಲ.”